ಸೈಟು, ಮನೆ, ಜಮೀನು: ಆಸ್ತಿ ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಸೈಟು ಕೊಳ್ಳಲು ಹೊರಟವರು, ಅಪ್ಪನ ಜಮೀನು ಪಾಲು ಮಾಡಿಕೊಳ್ಳುವವರು, ಊರ ಮನೆಗೆ ಖಾತೆ ಮಾಡಿಸಲು ಓಡಾಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಒತ್ತಿ ಹೇಳುವುದು ಒಂದೇ ಮಾತು: ಪತ್ರದ ಮೇಲೆ ಎಷ್ಟು ಸೀಲು ಬಿದ್ದಿದೆ ಎಂದು ನೋಡಬೇಡಿ, ಸಹಿ ಹಾಕಬೇಕಾದವರೆಲ್ಲ ಹಾಕಿದ್ದಾರಾ ಎಂದು ನೋಡಿ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಅಷ್ಟೇ. ದುಡ್ಡು ಕೊಡುವ ಮುಂಚೆ ನಿಮ್ಮ ಕಾಗದಗಳನ್ನು ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ. ಅದು ಮಾರುವವರೇ ಕರೆತಂದ ವಕೀಲರಾಗಿರಬಾರದು.

ಖಾತೆ ನನ್ನ ಹೆಸರಲ್ಲಿದೆ, ಕಂದಾಯನೂ ನಾನೇ ಕಟ್ಟುತ್ತಿದ್ದೇನೆ. ಅಂದ್ರೆ ಆಸ್ತಿ ನನ್ನದೇ ಅಲ್ವಾ?

ಅಷ್ಟರಿಂದಲೇ ಅಲ್ಲ. ಖಾತೆ ಇರುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂದು ತಿಳಿಯಲು. ಪಹಣಿಯೂ ಕಂದಾಯ ಇಲಾಖೆಯ ದಾಖಲೆಯೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ಪಹಣಿಯಲ್ಲಿ ಇರುವುದನ್ನು, ಬೇರೆ ಪುರಾವೆ ಬರುವ ತನಕ, ಸರಿ ಎಂದು ನಂಬಬೇಕು. ಬೇರೆ ಪುರಾವೆ ಬಂದರೆ ಅದು ಬಿದ್ದುಹೋಗುತ್ತದೆ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ತೀರ್ಪುಗಳಲ್ಲಿ ಹೇಳಿದೆ.

ಹಾಗಂತ ಖಾತೆ ಬೇಡ ಎಂದಲ್ಲ. ಖಾತೆ ಇಲ್ಲದೆ ಬ್ಯಾಂಕ್ ಸಾಲ ಸಿಗದು, ಕಟ್ಟಡದ ನಕ್ಷೆ ಮಂಜೂರಾಗದು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಮನೆ, ಸೈಟುಗಳ ನೋಂದಣಿಗೆ ಇ-ಖಾತಾ ಕಡ್ಡಾಯ. ಹಳ್ಳಿ ಕಡೆ ಇ-ಸ್ವತ್ತು ತಂತ್ರಾಂಶದಲ್ಲಿ, ಪಟ್ಟಣಗಳಲ್ಲಿ ಇ-ಆಸ್ತಿಯಲ್ಲಿ ಅದು ಸಿಗುತ್ತದೆ. ಖಾತೆ ಬೇಕೇ ಬೇಕು. ಆದರೆ ಖಾತೆ ಒಂದನ್ನೇ ನಂಬಿ ದುಡ್ಡು ಕೊಡಬೇಡಿ.

ಹಾಗಾದ್ರೆ ಹಕ್ಕು ಎಲ್ಲಿಂದ ಬರುತ್ತದೆ?

ಹಕ್ಕು ವರ್ಗಾವಣೆಯಾದ ಪತ್ರದಿಂದ, ಇಲ್ಲವೇ ವಾರಸಿನಿಂದ. ಕೊಂಡಿದ್ದರೆ ಕ್ರಯಪತ್ರ, ಕೊಟ್ಟಿದ್ದರೆ ದಾನಪತ್ರ, ಮನೆಯವರು ಹಂಚಿಕೊಂಡಿದ್ದರೆ ವಿಭಾಗ ಪತ್ರ, ಬರೆದಿಟ್ಟು ಹೋಗಿದ್ದರೆ ಉಯಿಲು, ಸರ್ಕಾರ ಕೊಟ್ಟಿದ್ದರೆ ಮಂಜೂರಾತಿ ಆದೇಶ ಮತ್ತು ಸಾಗುವಳಿ ಚೀಟಿ, ಕೋರ್ಟಿನಿಂದ ಬಂದಿದ್ದರೆ ಡಿಕ್ರಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಪ್ರಕಾರ ನೂರು ರೂಪಾಯಿ ಮೇಲಿನ ಯಾವುದೇ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಇವತ್ತು ನೂರು ರೂಪಾಯಿಗೆ ಯಾವ ಜಾಗವೂ ಸಿಗದಿರುವುದರಿಂದ ಎಲ್ಲ ಮಾರಾಟಕ್ಕೂ ನೋಂದಣಿ ಬೇಕು ಎಂದೇ ತಿಳಿಯಿರಿ. ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹಾಜರುಪಡಿಸಬೇಕು.

ಇನ್ನೊಂದು ಮಾತು. ಸಬ್ ರಿಜಿಸ್ಟ್ರಾರ್ ಪತ್ರ ನೋಂದಾಯಿಸಿದರು ಎಂದರೆ ಮಾರಿದವನು ನಿಜವಾದ ಮಾಲೀಕ ಎಂದು ಸರ್ಕಾರ ಒಪ್ಪಿತು ಎಂದಲ್ಲ. ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಅದಕ್ಕೇ ಮೂಲಪತ್ರದಿಂದ ಇಂದಿನವರೆಗಿನ ಪತ್ರಗಳನ್ನು ಸರಪಳಿಯಂತೆ ಜೋಡಿಸಿ ನೋಡಬೇಕು, ಒಂದು ಕೊಂಡಿ ಕಳಚಿದ್ದರೂ ಮುಂದಿನದೆಲ್ಲ ಅನುಮಾನವೇ. ಕನಿಷ್ಠ 30 ವರ್ಷದ ಪತ್ರಗಳನ್ನು ವಕೀಲರು ಕೇಳುವುದು ಇದಕ್ಕೇ.

ಪಹಣಿಯಲ್ಲಿ ಏನೇನು ನೋಡಬೇಕು?

ಮಾಲೀಕರ ಹೆಸರು ನೋಡಿ ಪಹಣಿಯನ್ನು ಮಡಚಿಡುವವರೇ ಜಾಸ್ತಿ. ನಿಧಾನವಾಗಿ ಓದಿ. ಒಂದು ಉದಾಹರಣೆ ತೆಗೆದುಕೊಳ್ಳೋಣ.

3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ 2 ಎಕರೆ 20 ಗುಂಟೆ ಅಂತಿದೆ. ಅದರ ಕೆಳಗೇ ‘ಬ’ ಖರಾಬು 8 ಗುಂಟೆ ಎಂದಿದೆ. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಮಾರುವಂತಿಲ್ಲ. ಎಕರೆಗೆ 40 ಗುಂಟೆ, ಹಾಗಾಗಿ ಉಳಿದದ್ದು 2 ಎಕರೆ 12 ಗುಂಟೆ. ನಿಮಗೆ ಎರಡೂವರೆ ಎಕರೆಗೆ ಬೆಲೆ ಹೇಳುತ್ತಿದ್ದರೆ ಇಲ್ಲೇ 8 ಗುಂಟೆ ಹೋಯಿತು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಸಣ್ಣ ಲೆಕ್ಕವಲ್ಲ.

9ನೇ ಕಾಲಂನಲ್ಲಿ ಅಣ್ಣತಮ್ಮಂದಿರ ಮೂರು ಹೆಸರಿವೆ, ಯಾರಿಗೆ ಎಷ್ಟು ಎಂದಿಲ್ಲ, ‘ಜಂಟಿ’ ಎಂದಿದೆ. ಅವರಲ್ಲಿ ಒಬ್ಬ ಬಂದು ಮೂಡಲ ಕಡೆಯ 30 ಗುಂಟೆ ನನ್ನದು, ನಿಮಗೆ ಕೊಡುತ್ತೇನೆ ಎನ್ನುತ್ತಾನೆ. ಮೂಡಲ ಕಡೆಯದೇ ಅವನದು ಎಂದು ಹೇಳಿದವರು ಯಾರು? ಪಾಲಾಗದ ಜಮೀನಿನಲ್ಲಿ ಪ್ರತಿ ಅಂಗುಲದಲ್ಲೂ ಮೂವರಿಗೂ ಹಕ್ಕಿದೆ. ನೀವು ಕೊಂಡರೂ ಹೆಚ್ಚೆಂದರೆ ಅವನ ಪಾಲನ್ನು ಬೇರೆ ಮಾಡಿಕೊಡಿ ಎಂದು ಕೋರ್ಟಿಗೆ ಹೋಗುವ ಹಕ್ಕು ಸಿಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಬೇಕಾಗುವುದೂ ಈ ಗೊಂದಲ ತಪ್ಪಿಸಲೆಂದೇ.

10ನೇ ಕಾಲಂ ಆ ಜಮೀನು ಅವರಿಗೆ ಹೇಗೆ ಬಂತು ಎಂದು ಎಂಆರ್ (ಖಾತೆ ಬದಲಾವಣೆಯ ವಹಿ) ನಂಬರಿನ ಸಮೇತ ಹೇಳುತ್ತದೆ. ಆ ಎಂಆರ್ ಪ್ರತಿ ತೆಗೆಸಿ ಓದಿ. 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆಯಾಜ್ಞೆ ಇದ್ದರೆ ಕಾಣುತ್ತದೆ. 12ನೇ ಕಾಲಂನಲ್ಲಿ ಉಳುಮೆ ಮಾಡುವವರ ಹೆಸರು ಬೇರೆಯಿದ್ದರೆ ಊರಿಗೆ ಹೋಗಿ ವಿಚಾರಿಸಿ. ಪಕ್ಕದ ಹೊಲದವರನ್ನು ಮಾತಾಡಿಸಿದರೆ ಯಾವ ಕಚೇರಿಯಲ್ಲೂ ಸಿಗದ ವಿಷಯ ಗೊತ್ತಾಗುತ್ತದೆ, ಇದನ್ನು ನಾನು ಪೂರ್ತಿ ನಂಬುತ್ತೇನೆ.

ಇಸಿಯಲ್ಲಿ ಏನೂ ಇಲ್ಲ, ಕ್ಲೀನ್ ಇದೆ. ಕೊಂಡುಬಿಡಬಹುದಾ?

ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಉಯಿಲು, ಬಾಯಿ ಮಾತಿನ ಪಾಲು, ನಡೆಯುತ್ತಿರುವ ದಾವೆ, ಕೈಸಾಲಕ್ಕೆ ಒತ್ತೆಯಿಟ್ಟ ಮೂಲಪತ್ರ, ಇವು ಯಾವುವೂ ಅದರಲ್ಲಿ ಬರದೇ ಇರಬಹುದು. ಮೂಲಪತ್ರ ಕಣ್ಣಾರೆ ನೋಡಬೇಕು ಎನ್ನುವುದು ಅದಕ್ಕೇ. ಜೆರಾಕ್ಸ್ ತೋರಿಸಿ ‘ಒರಿಜಿನಲ್ ಲಾಕರಿನಲ್ಲಿದೆ’ ಎಂದರೆ, ಲಾಕರಿನಿಂದ ತರುವ ತನಕ ಮುಂಗಡ ಕೊಡಬೇಡಿ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್ 1ರಿಂದೀಚಿನ ಇಸಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕು. ಹುಡುಕುವಾಗ ಸರ್ವೆ ನಂಬರಿನಲ್ಲಿ ಒಮ್ಮೆ, ಸೈಟ್ ನಂಬರಿನಲ್ಲಿ ಒಮ್ಮೆ, ಹಳೇ ಖಾತೆ ನಂಬರಿನಲ್ಲಿ ಒಮ್ಮೆ ಹುಡುಕಿ. ಒಂದೇ ಜಾಗಕ್ಕೆ ಬೇರೆ ಬೇರೆ ಪತ್ರಗಳಲ್ಲಿ ಬೇರೆ ಬೇರೆ ನಂಬರು ಬರೆದಿರುತ್ತಾರೆ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಗುತ್ತದೆ. ಹಾಗೇ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ದಾವೆ ಇದೆಯಾ ನೋಡಿ. ದಾವೆ ನಡೆಯುತ್ತಿರುವಾಗ ಕೊಂಡರೆ, ಆ ವಿಷಯ ನಿಮಗೆ ಗೊತ್ತಿರಲಿ ಬಿಡಲಿ, ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ.

ಕರಾರು ಮಾಡಿಕೊಂಡು ಅರ್ಧ ದುಡ್ಡು ಕೊಟ್ಟಿದ್ದೇನೆ. ಈಗ ಮಾಲೀಕರು ಫೋನ್ ಎತ್ತುತ್ತಿಲ್ಲ.

ಕರಾರು ಪತ್ರ ಎಂದರೆ ಮುಂದೆ ಮಾರುತ್ತೇನೆ ಎಂಬ ಒಪ್ಪಂದ. ಅದರಿಂದ ಆಸ್ತಿ ನಿಮ್ಮದಾಗಿಲ್ಲ. ಆದರೆ ಕೈಕಟ್ಟಿ ಕೂರಬೇಕಿಲ್ಲ. ಕ್ರಯಪತ್ರ ಮಾಡಿಕೊಡಲು ಆದೇಶಿಸಿ ಎಂದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಗಡುವು ಮೂರು ವರ್ಷ. ಕರಾರಿನಲ್ಲಿ ಕ್ರಯಕ್ಕೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಕೊಡುವುದಿಲ್ಲ ಎಂದು ನಿಮಗೆ ತಿಳಿದ ದಿನದಿಂದ. ಉಳಿದ ಹಣ ಕೊಡಲು ನೀವು ಯಾವತ್ತೂ ತಯಾರಿದ್ದಿರಿ ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಇವತ್ತೇ ವಕೀಲರ ಮೂಲಕ ನೋಟಿಸ್ ಕೊಡಿಸಿ. ‘ಪರಿಚಯದವರು, ನೋಡೋಣ’ ಎಂದು ಕಾದು ಮೂರು ವರ್ಷ ದಾಟಿಸಿಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಸದಾಗಿ ಕರಾರು ಮಾಡುವವರು ಅದನ್ನೂ ನೋಂದಣಿ ಮಾಡಿಸಿ. ಆಗ ಅದು ಇಸಿಯಲ್ಲಿ ಕಾಣುತ್ತದೆ, ಮಾಲೀಕರು ಇನ್ನೊಬ್ಬರಿಗೆ ಮಾರಲು ಹೊರಟರೆ ಆ ಇನ್ನೊಬ್ಬರಿಗೂ ಗೊತ್ತಾಗುತ್ತದೆ. ಹಣ ಬ್ಯಾಂಕ್ ಮೂಲಕವೇ ಕೊಡಿ.

ಜಿಪಿಎ ಮೇಲೆ ಸೈಟು ಕೊಡುತ್ತಾರಂತೆ, ಬೆಲೆ ತುಂಬಾ ಕಮ್ಮಿ.

ಬೇಡ. ಜಿಪಿಎ ಎಂದರೆ ನನ್ನ ಪರವಾಗಿ ನೀನು ಸಹಿ ಹಾಕು ಎಂದು ಕೊಟ್ಟ ಅಧಿಕಾರ, ಅದರಿಂದ ಮಾಲೀಕತ್ವ ಕೈ ಬದಲಾಗುವುದಿಲ್ಲ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಜಿಪಿಎ, ಕರಾರು, ಉಯಿಲು ಮೂರನ್ನೂ ಸೇರಿಸಿ ಕೊಟ್ಟರೂ ಅಷ್ಟೇ. ಸಾಮಾನ್ಯವಾಗಿ ಜಿಪಿಎ ಕೊಟ್ಟವರು ತೀರಿಕೊಂಡರೆ ಅದೂ ಮುಗಿಯಿತು. ಮಾಲೀಕರು ವಿದೇಶದಲ್ಲಿದ್ದು, ಅವರ ಜಿಪಿಎ ಪಡೆದವರು ನಿಮಗೆ ನೋಂದಾಯಿತ ಕ್ರಯಪತ್ರ ಮಾಡಿಕೊಡುವುದು ಬೇರೆ ವಿಷಯ. ಅದು ನ್ಯಾಯಬದ್ಧ. ಆದರೆ ಸಹಿ ಹಾಕುವ ದಿನ ಮಾಲೀಕರು ಬದುಕಿದ್ದಾರೆ, ಜಿಪಿಎ ರದ್ದಾಗಿಲ್ಲ ಎಂದು ಒಂದು ವಿಡಿಯೋ ಕರೆ ಮಾಡಿಯಾದರೂ ಖಚಿತ ಮಾಡಿಕೊಳ್ಳಿ.

ರೆವಿನ್ಯೂ ಸೈಟು, ಬಿ ಖಾತಾ ಅಂದ್ರೆ ಏನು?

ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ಲೇಔಟ್ ನಕ್ಷೆಗೆ ಮಂಜೂರಾತಿ ಪಡೆಯದೆ, ಕಲ್ಲು ನೆಟ್ಟು ಮಾರಿದರೆ ಅದು ರೆವಿನ್ಯೂ ಸೈಟು. ಜನ ಇಲ್ಲಿ ಎಡವುವುದು ಎಲ್ಲಿ ಎಂದರೆ, ಡಿಸಿ ಕನ್ವರ್ಷನ್ ಆಗಿದೆ ಎಂದ ಕೂಡಲೇ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಜಮೀನನ್ನು ಕೃಷಿಯೇತರ ಬಳಕೆಗೆ ತರುವುದು ಒಂದು ಹಂತ. ಅದನ್ನು ಸೈಟುಗಳಾಗಿ ಒಡೆಯಲು ಬಿಡಿಎ, ಬಿಎಂಆರ್‌ಡಿಎ ಅಥವಾ ನಿಮ್ಮ ಊರಿನ ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗುವುದು ಇನ್ನೊಂದು ಹಂತ. ರಸ್ತೆ, ಪಾರ್ಕು, ಚರಂಡಿಗೆ ಜಾಗ ಬಿಡಿಸುವುದು ಈ ಎರಡನೇ ಹಂತ.

ಬೆಂಗಳೂರಿನಲ್ಲಿ ಇಂಥ ಕೊರತೆ ಇರುವ ಆಸ್ತಿಗಳನ್ನು ತೆರಿಗೆಗಾಗಿ ಬೇರೆ ವಹಿಯಲ್ಲಿ ಬರೆದುಕೊಂಡಿದ್ದೇ ಬಿ ಖಾತಾ. ಬಿ ಖಾತಾದ ಆಸ್ತಿ ಕಳ್ಳ ಆಸ್ತಿ ಎಂದಲ್ಲ, ಹಕ್ಕು ನೆಟ್ಟಗೇ ಇರಬಹುದು. ಆದರೆ ಸಾಲಕ್ಕೆ, ನಕ್ಷೆಗೆ, ಮುಂದೆ ಮಾರುವುದಕ್ಕೆ ತೊಡಕು. ಮುಂದೆ ಸಕ್ರಮ ಆಗುತ್ತೆ ಬಿಡಿ ಎಂಬ ಮಾತಿಗೆ ಇವತ್ತಿನ ದುಡ್ಡು ಕೊಡಬೇಡಿ.

ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿದೆಯಾ? ಮದುವೆಗೆ ಅಷ್ಟೊಂದು ಖರ್ಚು ಮಾಡಿದ್ದೇವೆ.

ಇದೆ. ಮದುವೆ ಖರ್ಚು, ಹಾಕಿದ ಒಡವೆ, ಇವುಗಳಿಂದ ಆ ಪಾಲು ತೀರುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆ ಒಡೆಯುವುದು ಇಲ್ಲೇ.

ಹಿಂದೂ ಕುಟುಂಬಗಳಲ್ಲಿ ಮೊದಲು ಕೇಳಬೇಕಾದ್ದು, ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು. ಅಪ್ಪ ತನ್ನ ದುಡಿಮೆಯಿಂದ ಕೊಂಡದ್ದಾದರೆ ಅದನ್ನು ಅವರು ಬದುಕಿರುವಾಗ ಯಾರಿಗೆ ಬೇಕಾದರೂ ಕೊಡಬಹುದು, ಮಾರಬಹುದು. ಮಗನಾಗಲಿ ಮಗಳಾಗಲಿ ಪಾಲು ಕೊಡಿ ಎಂದು ಕೇಳುವಂತಿಲ್ಲ. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮ ಪಾಲು. ಅಜ್ಜಿಯ ಪಾಲನ್ನು ಮರೆತುಬಿಡುವವರು ಬಹಳ.

ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಹಕ್ಕು. ಕರ್ನಾಟಕ 1994ರಲ್ಲೇ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ದಿನಕ್ಕೆ ಅಪ್ಪ ಬದುಕಿರಬೇಕಿತ್ತಾ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿಹೋದ ಪಾಲನ್ನು, ಆಗಿಹೋದ ಮಾರಾಟವನ್ನು ಈ ಕಾನೂನು ಮುಟ್ಟುವುದಿಲ್ಲ.

ಅಕ್ಕತಂಗಿಯರು ತಮ್ಮ ಪಾಲು ಬೇಡ ಎಂದರೆ ಅದು ಅವರಿಷ್ಟ. ಆಗ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ‘ಸುಮ್ನೆ ಒಂದು ಸಹಿ ಹಾಕಮ್ಮ’ ಎಂದು ಪತ್ರ ಓದಿಸದೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ. ಅಂಥ ಪತ್ರ ಕೋರ್ಟಿನಲ್ಲೂ ಗಟ್ಟಿಯಾಗಿ ನಿಲ್ಲದೆ ಹೋಗಬಹುದು. ಸಹಿ ಹಾಕುವ ಅಕ್ಕತಂಗಿಯರೇ, ನಿಮ್ಮ ಪಾಲು ಎಷ್ಟು, ಇವತ್ತಿನ ಬೆಲೆ ಎಷ್ಟು ಎಂದು ತಿಳಿದುಕೊಂಡು ನಿರ್ಧಾರ ಮಾಡಿ.

ಕೊಳ್ಳುವವರು ವಂಶವೃಕ್ಷ ತರಿಸಿ ಅದರಲ್ಲಿರುವ ಪ್ರತಿಯೊಂದು ಹೆಸರಿಗೂ ಒಂದು ಸಹಿ ಇದೆಯಾ ನೋಡಿ. ವಂಶವೃಕ್ಷದಲ್ಲೇ ಮಗಳ ಹೆಸರು ಬಿಟ್ಟಿರುವುದುಂಟು. ತೀರಿಹೋದ ಮಗಳಿಗೆ ಮಕ್ಕಳಿದ್ದರೆ ಅವರ ಸಹಿಯೂ ಬೇಕು. ಅಪ್ರಾಪ್ತ ಮಕ್ಕಳ ಹೆಸರಿನ ಆಸ್ತಿಯನ್ನು ತಂದೆತಾಯಿ ಮಾರಬೇಕಾದರೂ ಕೋರ್ಟ್ ಅನುಮತಿ ಬೇಕು.

ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ 1925 ಅನ್ವಯಿಸುತ್ತದೆ. ಲೆಕ್ಕ ಅಲ್ಲಿ ಬೇರೆ.

ಉಯಿಲು ಬರೆಯಲಾ, ದಾನಪತ್ರ ಮಾಡಲಾ?

ಉಯಿಲು ನೀವು ಹೋದ ಮೇಲೆ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ಬೇಕೇ ಬೇಕು, ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಟ್ಟರೆ ಒಳ್ಳೆಯದು.

ದಾನಪತ್ರ ಇವತ್ತೇ ಜಾರಿ. ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡ ಮೇಲೆ ಮನಸ್ಸು ಬದಲಾಯಿತು ಎಂದರೆ ಆಗದು. ಮನೆಮಂದಿಯೊಳಗೆ ದಾನ ಮಾಡಿದರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ ರೂಪಾಯಿ ಎಂಬ ಕಾರಣಕ್ಕೆ ವಯಸ್ಸಾದವರಿಂದ ಅವಸರದಲ್ಲಿ ದಾನಪತ್ರ ಮಾಡಿಸುತ್ತಾರೆ. ಹಿರಿಯರಲ್ಲಿ ನನ್ನ ಕಳಕಳಿಯ ಮಾತು: ಇರುವುದೊಂದೇ ಮನೆಯಾದರೆ ಉಯಿಲು ಬರೆಯಿರಿ. ದಾನ ಮಾಡಲೇಬೇಕಿದ್ದರೆ, ಕೊನೆತನಕ ನನ್ನನ್ನು ನೋಡಿಕೊಳ್ಳಬೇಕು, ಈ ಮನೆಯಲ್ಲಿ ನಾನು ಇರುತ್ತೇನೆ ಎಂದು ಪತ್ರದಲ್ಲೇ ಬರೆಸಿ. ಆ ಷರತ್ತು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ, ಹಿರಿಯ ನಾಗರಿಕರ ಕಾಯ್ದೆ 2007ರ ಅಡಿ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಬಹುದು.

ಸರ್ಕಾರ ಮಂಜೂರು ಮಾಡಿದ ಜಮೀನು ಕೊಳ್ಳಬಹುದಾ?

ಮೊದಲು ಮಂಜೂರಾತಿ ಯಾರಿಗೆ ಆಯಿತು, ಷರತ್ತು ಏನಿತ್ತು ಎಂದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಕೊಂಡರೆ ಆ ಮಾರಾಟವೇ ಅಸಿಂಧು. ಇದು 1978ರ ಪಿಟಿಸಿಎಲ್ ಕಾಯ್ದೆ. ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಮರಳುತ್ತದೆ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಭೂಮಿಯನ್ನು ಕಷ್ಟಕಾಲದಲ್ಲಿ ಕವಡೆ ಕಾಸಿಗೆ ಬರೆಸಿಕೊಳ್ಳುವುದನ್ನು ತಡೆಯಲು ಬಂದ ಕಾನೂನು ಇದು, ಬೇಕಾದ ಕಾನೂನು. ನಾಲ್ಕು ಕೈ ಬದಲಾದ ಮೇಲೆ ಕೊಂಡರೂ ನಿಮಗೆ ರಕ್ಷಣೆ ಇಲ್ಲ.

ನಾನು ರೈತನಲ್ಲ. ಕೃಷಿ ಜಮೀನು ಕೊಳ್ಳಬಹುದಾ? ಅಮೆರಿಕದಲ್ಲಿರುವ ತಮ್ಮ?

ನೀವು ಕೊಳ್ಳಬಹುದು. ರೈತರಲ್ಲದವರನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದರು. ಎಷ್ಟು ಜಮೀನು ಇಟ್ಟುಕೊಳ್ಳಬಹುದು ಎಂಬ ಗರಿಷ್ಠ ಮಿತಿ ಮಾತ್ರ ಇದೆ. ತಮ್ಮನಿಗೆ ಆಗದು. ಅನಿವಾಸಿ ಭಾರತೀಯರು, ಒಸಿಐ ಕಾರ್ಡಿನವರು (ವಿದೇಶಿ ಪೌರತ್ವದ ಭಾರತ ಮೂಲದವರು) ಮನೆ, ಸೈಟು ಕೊಳ್ಳಬಹುದು, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ವಾರಸಿನಲ್ಲಿ ಬಂದರೆ ಅಡ್ಡಿಯಿಲ್ಲ.

ಅಪಾರ್ಟ್‌ಮೆಂಟ್ ಬುಕ್ ಮಾಡುವ ಮುಂಚೆ?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಜಾಗ 500 ಚದರ ಮೀಟರ್ ಮೀರಿದ್ದರೆ, ಇಲ್ಲವೇ ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೆ ನೋಂದಣಿ ಕಡ್ಡಾಯ. ನೋಂದಾಯಿತ ಕರಾರು ಆಗುವ ಮುಂಚೆ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಬೆಲೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗದ ಮೇಲೆ ಲೆಕ್ಕ ಹಾಕಿಸಿ. ಕ್ರಯಪತ್ರದಲ್ಲಿ ನೆಲದ ಅವಿಭಾಜ್ಯ ಪಾಲು ಎಷ್ಟು ಚದರ ಅಡಿ ಎಂದು ಬರೆದಿರಲೇಬೇಕು. ಕಟ್ಟಡ ಎಂದೋ ಹಳತಾಗುತ್ತದೆ, ಆ ನೆಲವೇ ಉಳಿಯುವುದು. ಒಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂಬ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲದೆ ಕೀಲಿಕೈ ತೆಗೆದುಕೊಳ್ಳಬೇಡಿ. ಒಸಿ ಇದ್ದರೆ ಮಾತ್ರ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬಾಡಿಗೆಯವರು 12 ವರ್ಷ ಇದ್ದರೆ ಮನೆ ಅವರದಾಗುತ್ತಂತೆ?

ಆಗುವುದಿಲ್ಲ. ನಿಮ್ಮ ಒಪ್ಪಿಗೆಯಿಂದ ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. 12 ವರ್ಷದ ಮಾತು ಬರುವುದು, ಒಪ್ಪಿಗೆಯಿಲ್ಲದೆ, ‘ಇದು ನನ್ನದೇ’ ಎಂದು ನಿಮಗೆ ಎದುರಾಗಿ, ಎಲ್ಲರಿಗೂ ಕಾಣುವಂತೆ ಅನುಭವಿಸಿಕೊಂಡು ಬಂದವರಿಗೆ. ಸರ್ಕಾರಿ ಜಾಗಕ್ಕಾದರೆ 30 ವರ್ಷ. ಖಾಲಿ ಸೈಟು ಬಿಟ್ಟು ದೂರ ಇರುವವರು ಬೇಲಿ ಹಾಕಿಸಿ, ಆಗಾಗ ಹೋಗಿ ಫೋಟೋ ತೆಗೆದಿಟ್ಟುಕೊಳ್ಳಿ.

ಭೋಗ್ಯಕ್ಕೆ ಮನೆ ಹಿಡಿಯುವವರಿಗೂ ಒಂದು ಮಾತು. ಹತ್ತಾರು ಲಕ್ಷ ಕೊಟ್ಟು ಬರೀ ಛಾಪಾ ಕಾಗದದ ಮೇಲೆ ನಂಬಿಕೆ ಇಡುತ್ತೀರಿ. ಒಂದು ವರ್ಷ ಮೀರಿದ ಒಪ್ಪಂದಕ್ಕೆ ನೋಂದಣಿ ಬೇಕು. ಮಾಲೀಕರು ಆ ಮನೆ ಮೇಲೆ ಮೊದಲೇ ಸಾಲ ತೆಗೆದು ಕಟ್ಟದಿದ್ದರೆ ಬ್ಯಾಂಕು ಬಂದು ಬೀಗ ಹಾಕಬಹುದು. ಹಾಗಾಗಿ ಭೋಗ್ಯಕ್ಕೂ ಇಸಿ ತೆಗೆಸಿ ನೋಡಿ.

ನೋಂದಣಿಗೆ ಎಷ್ಟು ಖರ್ಚು ಬರುತ್ತದೆ?

ಪಟ್ಟಣದಲ್ಲಿ 60 ಲಕ್ಷದ ಸೈಟು ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ 3 ಲಕ್ಷದ ಮೇಲೆ ಶೇ 10 ಸೆಸ್ 30 ಸಾವಿರ, ಶೇ 2 ಸರ್‌ಚಾರ್ಜ್ 6 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಹಳ್ಳಿಯಲ್ಲಾದರೆ ಸರ್‌ಚಾರ್ಜ್ ಶೇ 3. ಸರ್ಕಾರದ ಮಾರ್ಗಸೂಚಿ ಬೆಲೆ, ನೀವು ಕೊಡುವ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಹಿಡಿದು ಆದಾಯ ತೆರಿಗೆಗೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಅನಿವಾಸಿಗಳಾದರೆ ಹಿಡಿಯಬೇಕಾದ್ದು ಇದಕ್ಕಿಂತ ತುಂಬಾ ಜಾಸ್ತಿ, ಲೆಕ್ಕಪರಿಶೋಧಕರನ್ನು ಕೇಳಿ.

ರಿಜಿಸ್ಟ್ರೇಷನ್ ಆಯ್ತು. ಇನ್ನೇನು ಮಾಡಬೇಕು?

ಸಹಿ ಹಾಕುವ ಮುಂಚೆಯೇ ಚೆಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ ವಿವರ) ಓದಿದ್ದೀರಿ ಎಂದುಕೊಂಡಿದ್ದೇನೆ. ಪೂರ್ವಕ್ಕೆ ರಸ್ತೆ ಇರುವಲ್ಲಿ ಪಶ್ಚಿಮಕ್ಕೆ ಎಂದಿದ್ದರೆ ಮಾರಿದವರನ್ನೇ ಮತ್ತೆ ಕರೆಸಿ ತಿದ್ದುಪಡಿ ಪತ್ರ ಮಾಡಿಸಬೇಕು. ಅವರು ಸಿಗುವಾಗಲೇ ಮಾಡಿಸಿಬಿಡಿ. ಆಮೇಲೆ ಖಾತೆ ನಿಮ್ಮ ಹೆಸರಿಗೆ ಬಂತಾ ನೋಡಿ, ಜಮೀನಾದರೆ ಹೊಸ ಪಹಣಿ ತೆಗೆಸಿ ಕಾಲಂ 9ರಲ್ಲಿ ನಿಮ್ಮ ಹೆಸರೂ ವಿಸ್ತೀರ್ಣವೂ ಸರಿಯಿದೆಯಾ ನೋಡಿ. ವಿದ್ಯುತ್ ಮೀಟರು, ನೀರಿನ ಸಂಪರ್ಕ ಬದಲಿಸಿಕೊಳ್ಳಿ. ತಿಂಗಳ ನಂತರ ಒಂದು ಹೊಸ ಇಸಿ ತೆಗೆದು ನಿಮ್ಮ ಕ್ರಯ ಅದರಲ್ಲಿ ಬಂದಿದೆಯಾ ಖಚಿತ ಮಾಡಿಕೊಳ್ಳಿ. ಹಳೇ ಮೂಲಪತ್ರಗಳನ್ನೆಲ್ಲ ಮಾರಿದವರಿಂದ ಇಸಿದುಕೊಳ್ಳಿ. ಮುಂದೆ ಯಾವತ್ತಾದರೂ ಪತ್ರ ಕಳೆದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ನೋಂದಣಿಯಾದ ಕಚೇರಿಯಿಂದಲೇ ದೃಢೀಕೃತ ನಕಲು ಪಡೆಯಬಹುದು. ಅದಕ್ಕೆ ದಸ್ತಾವೇಜಿನ ನಂಬರು ಮತ್ತು ನೋಂದಣಿಯಾದ ದಿನ ಬೇಕಾಗುತ್ತದೆ, ಅವೆರಡನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿರಿ.